ಸುಖದ ಅಳತೆ ಮತ್ತು ನಾರಾಯಣಪುರದ ನೀರು



ಹಳೆಯ ಕಾಲದ ವರ್ತಕರು ಬರೆಯುತ್ತಿದ್ದ ಪತ್ರಗಳನ್ನು ತೆಗೆದು ನೋಡಿದರೆ ಅವುಗಳ ಆರಂಭದಲ್ಲಿ 'ಕ್ಷೇಮ', 'ಉಭಯ ಕುಶಲೋಪರಿ' ಎಂಬ ಮಾತುಗಳು ಕಂಡುಬರುತ್ತವೆ. ಜೋಳದ ಧಾರಣೆ, ಹತ್ತಿಯ ತೂಕ, ಹುಂಡಿಯ ಮುದ್ದತು ಮೊದಲಾದ ವಿಷಯಗಳೆಲ್ಲ ಅನಂತರದವು. ಎದುರಿನವನು ಕುಶಲನಾಗಿರುವನೇ ಎಂಬ ಪ್ರಶ್ನೆಯೇ ಮೊದಲನೆಯದು. ಆದರೆ ಆ ಪ್ರಶ್ನೆಗೆ ನಿಜವಾದ ಉತ್ತರವನ್ನು ಯಾರೂ ನಿರೀಕ್ಷಿಸುತ್ತಿರಲಿಲ್ಲ. ಅದು ರೂಢಿಯ ಮಾತಾಗಿತ್ತು. ಮನುಷ್ಯನು ಯಾವುದರಿಂದ ಕುಶಲನಾಗಿರುತ್ತಾನೆ, ಯಾವುದರಿಂದ ಅವನ ಬಾಳು ಹಸನಾಗುತ್ತದೆ ಎಂಬುದನ್ನು ಹೀಗೆ ರೂಢಿಗೆ ಬಿಡದೆ, ಲೆಕ್ಕವಿಟ್ಟು, ಅಳೆದು, ತೂಗಿ ನೋಡುವ ಶಾಸ್ತ್ರವೊಂದು ಕಳೆದ ಕೆಲವು ದಶಕಗಳಲ್ಲಿ ಬೆಳೆದುಬಂದಿದೆ. ಪಾಶ್ಚಾತ್ಯರು ಅದಕ್ಕೆ ಪಾಸಿಟಿವ್ ಸೈಕಾಲಜಿ ಎಂದು ಹೆಸರಿಟ್ಟಿದ್ದಾರೆ. ಕನ್ನಡದಲ್ಲಿ ಧನಾತ್ಮಕ ಮನಃಶಾಸ್ತ್ರವೆಂದು ಕರೆಯಬಹುದು. ಹೆಸರಿನಲ್ಲಿ 'ಧನ'ವಿರುವುದರಿಂದ ವ್ಯಾಪಾರಸ್ಥರಿಗೆ ಅದು ಹಿಡಿಸೀತು. ಶಾಸ್ತ್ರವು ಹೇಳುವ ಮಾತು ಮಾತ್ರ ಬೇರೆ.

ಈ ಶಾಸ್ತ್ರದ ಸಿದ್ಧಾಂತಗಳನ್ನು ದೂರದ ಅಮೆರಿಕೆಯಲ್ಲಿಟ್ಟು ನೋಡುವುದಕ್ಕಿಂತ ಕೃಷ್ಣಾ ತೀರದ ನಾರಾಯಣಪುರದಲ್ಲಿಟ್ಟು ನೋಡುವುದು ಲೇಸು. ಏಕೆಂದರೆ ಒಂದು ಸೀಮೆಯ ಸಂಪತ್ತು ಕಣ್ಣ ಮುಂದೆಯೇ ಬದಲಾದ ಸ್ಥಳವದು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿರಿಸಿದರು; ಅವರು ಪ್ರಧಾನಿಗಳಾದದ್ದು ಅದಾದ ಕೆಲವೇ ದಿನಗಳ ಮೇಲೆ. ನಾರಾಯಣಪುರದ ಅಣೆಕಟ್ಟು ಮುಗಿದದ್ದು 1982ರಲ್ಲಿ. ಹತ್ತು ಕಿಲೋಮೀಟರಿಗೂ ಮಿಕ್ಕಿದ ಉದ್ದದ ಆ ಕಟ್ಟೆಯ ಹಿಂದೆ ಸುಮಾರು 38 ಟಿಎಂಸಿ ನೀರು ನಿಲ್ಲುತ್ತದೆ. ಅದಕ್ಕೆ ಬಸವಸಾಗರವೆಂದು ಹೆಸರು. ಅಲ್ಲಿಂದ ಹೊರಟ 78 ಕಿಲೋಮೀಟರ್ ಉದ್ದದ ಎಡದಂಡೆಯ ಮುಖ್ಯ ಕಾಲುವೆಯೂ ಅದರ ಶಾಖೆಗಳೂ ಸುರಪುರ, ಶಹಾಪುರ, ಜೇವರ್ಗಿ ಮೊದಲಾದ ಸೀಮೆಗಳಿಗೆ ನೀರನ್ನು ಒಯ್ದವು. ಜೋಳ, ಸಜ್ಜೆ, ತೊಗರಿಗಳಿಗೆ ಮುಗಿಲನ್ನೇ ನಂಬಿದ್ದ ಎರೆಭೂಮಿಯಲ್ಲಿ ಭತ್ತದ ಪೈರು ನಿಂತಿತು. ಹತ್ತಿ, ಮೆಣಸಿನಕಾಯಿಗಳ ಚೀಲಗಳು ಪೇಟೆಗೆ ಬಂದವು. ಮಾಳಿಗೆಯ ಮನೆಯಿದ್ದಲ್ಲಿ ಆರ್‌ಸಿಸಿ ಮನೆಯೆದ್ದಿತು. ಎತ್ತಿನ ಬಂಡಿ ನಿಲ್ಲುತ್ತಿದ್ದ ಅಂಗಳದಲ್ಲಿ ಟ್ರ್ಯಾಕ್ಟರು ನಿಂತಿತು. ಅಡತಿ ಅಂಗಡಿಗಳ ವಹಿವಾಟು ಹೆಚ್ಚಿತೆಂಬುದನ್ನು ಈ ಸಭೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ನೀರಿನೊಂದಿಗೆ ಸುಖವೂ ಬಂದಿತೇ? ಹೌದು, ಬಂದಿತು. ಕುಡಿಯುವ ನೀರಿಗಾಗಿ ಹರದಾರಿ ನಡೆಯುತ್ತಿದ್ದ ಹೆಣ್ಣುಮಗಳಿಗೆ, ಬರಗಾಲದಲ್ಲಿ ದನಗಳನ್ನು ಸಂತೆಗಟ್ಟುತ್ತಿದ್ದ ರೈತನಿಗೆ ಅದು ಬಂದಿತು. ಇದನ್ನು ಅಲ್ಲಗಳೆಯುವವರು ಬರವನ್ನು ಕಾಣದವರು. ಆದರೆ ಅದೇ ನೀರಿನ ಕೆಳಗೆ ಹೊಲ-ಮನೆಗಳನ್ನು ಬಿಟ್ಟು ಎದ್ದುಹೋದವರಿದ್ದಾರೆ. ಕಾಲುವೆಯ ತುದಿಯಲ್ಲಿ ನೀರಿಗಾಗಿ ಕಾಯುವವರಿದ್ದಾರೆ. ಅತಿಯಾಗಿ ನೀರುಂಡು ಸವುಳಾದ ಹೊಲಗಳಿವೆ. ಬೆಂಗಳೂರು, ಮುಂಬಯಿ, ಗೋವೆಗಳ ಕಟ್ಟಡದ ಕೆಲಸಕ್ಕೆ ಇಂದಿಗೂ ಗುಳೆ ಹೋಗುವ ಕುಟುಂಬಗಳಿವೆ. ಇಷ್ಟೇ ಅಲ್ಲ. ನೀರೂ ಬೆಳೆಯೂ ಹಣವೂ ಎಲ್ಲವೂ ದೊರೆತ ಮನೆಗಳಲ್ಲಿಯೂ ಒಂದು ವಿಚಿತ್ರವು ಕಂಡುಬರುತ್ತದೆ. ಮೊದಲ ವರ್ಷ ಭತ್ತ ಬಂದಾಗ ಊರಿಗೆಲ್ಲ ಸಿಹಿ ಹಂಚಿದ ಮನುಷ್ಯನೇ ಹತ್ತು ವರ್ಷಗಳ ತರುವಾಯ ಅದೇ ಭತ್ತದ ರಾಶಿಯ ಮುಂದೆ ಕುಳಿತು ಪಕ್ಕದವನ ರಾಶಿಯನ್ನು ಕಣ್ಣಿನಿಂದಲೇ ಅಳೆಯುತ್ತಾನೆ. ಈ ವಿಚಿತ್ರವೇ ಆ ಶಾಸ್ತ್ರದ ಮುಖ್ಯ ವಿಷಯ.

ಶಾಸ್ತ್ರದ ಹುಟ್ಟಿನ ಕಥೆ ಸಣ್ಣದು. ಹೆಸರನ್ನು ಮೊದಲು ಬಳಸಿದವನು ಅಬ್ರಹಾಂ ಮ್ಯಾಸ್ಲೋ ಎಂಬ ಪಂಡಿತ, 1954ರಲ್ಲಿ. ಆದರೆ ಎರಡನೆಯ ಮಹಾಯುದ್ಧದ ಬಳಿಕ ಮನಃಶಾಸ್ತ್ರವು ಬಹುಮಟ್ಟಿಗೆ ಮನಸ್ಸಿನ ರೋಗಗಳ ಚಿಕಿತ್ಸೆಗೆ ತನ್ನನ್ನು ಒಪ್ಪಿಸಿಕೊಂಡಿತ್ತು. 1998ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರ ಸಂಘದ ಅಧ್ಯಕ್ಷರಾಗಿದ್ದ ಮಾರ್ಟಿನ್ ಸೆಲಿಗ್‌ಮನ್ನರು, ರೋಗವಿಲ್ಲದಿರುವುದೊಂದೇ ಆರೋಗ್ಯವಲ್ಲ, ಬಾಳು ಅರಳುವುದು ಹೇಗೆಂಬುದನ್ನೂ ಅಭ್ಯಸಿಸಬೇಕೆಂದು ಸಾರಿದರು. ಈ ವಿಚಾರ ತಮಗೆ ಹೊಳೆದದ್ದು ಐದು ವರ್ಷದ ಮಗಳಿಂದ ಎಂದು ಅವರೇ ಬರೆದಿದ್ದಾರೆ. ತೋಟದಲ್ಲಿ ಕಳೆ ಕೀಳುವಾಗ ಆಟವಾಡುತ್ತಿದ್ದ ಮಗುವನ್ನು ಅವರು ಗದರಿಸಿದರಂತೆ. ತಾನು ಐದು ತುಂಬಿದ ದಿನದಿಂದ ರಗಳೆ ಮಾಡುವುದನ್ನು ಬಿಟ್ಟಿರುವೆನೆಂದೂ, ತನಗದು ಸಾಧ್ಯವಾದರೆ ತಂದೆಗೆ ಸಿಡುಕುವುದನ್ನು ಬಿಡಲು ಸಾಧ್ಯವಾಗಬೇಕೆಂದೂ ಆ ಮಗು ಹೇಳಿತಂತೆ. ಮಹಾವಿದ್ವಾಂಸನಿಗೆ ಮಗುವೊಂದು ಪಾಠ ಹೇಳಿದ ಇಂಥ ಕಥೆಗಳು ಪುರಾಣಗಳಲ್ಲಿಯೂ ಇವೆ. ಇದು ಮಾತ್ರ ಸಂಶೋಧನ ಪತ್ರಿಕೆಯಲ್ಲಿ ಅಚ್ಚಾದದ್ದು.

ಇನ್ನು ಹಣದ ವಿಷಯ. ವ್ಯಾಪಾರಸ್ಥರ ಸಭೆಯಲ್ಲಿ ಇದನ್ನು ತುಸು ನಿಧಾನವಾಗಿಯೇ ನೋಡಬೇಕು. 1974ರಲ್ಲಿ ರಿಚರ್ಡ್ ಈಸ್ಟರ್ಲಿನ್ ಎಂಬ ಅರ್ಥಶಾಸ್ತ್ರಜ್ಞರು ಒಂದು ವಿಷಯವನ್ನು ಎತ್ತಿ ತೋರಿಸಿದರು. ಒಂದೇ ದೇಶದೊಳಗೆ ಸಿರಿವಂತರು ಬಡವರಿಗಿಂತ ಹೆಚ್ಚು ಸುಖಿಗಳೆಂದು ಹೇಳಿಕೊಳ್ಳುತ್ತಾರೆ; ಆದರೆ ದೇಶದ ಒಟ್ಟು ಸಂಪತ್ತು ಕಾಲಕ್ರಮದಲ್ಲಿ ಬೆಳೆದಾಗ ಜನರ ಒಟ್ಟು ಸುಖವು ಅದರ ಹಿಂದೆಯೇ ಬೆಳೆಯುವುದು ಕಾಣುವುದಿಲ್ಲ. ಇದರರ್ಥವನ್ನು ಹೀಗೆ ತಿಳಿಯಬಹುದು. ಮನುಷ್ಯನು ತನ್ನಲ್ಲಿರುವುದನ್ನು ಬರಿಯ ಸೇರಿನಿಂದ ಅಳೆಯುವುದಿಲ್ಲ, ನೆರೆಯವನ ಸೇರಿನಿಂದಲೂ ಅಳೆಯುತ್ತಾನೆ. ಎಲ್ಲರ ರಾಶಿಯೂ ಒಟ್ಟಿಗೆ ಎತ್ತರವಾದರೆ ಯಾರ ರಾಶಿಯೂ ಎತ್ತರವಾದಂತೆ ಅನಿಸುವುದಿಲ್ಲ.

ಎರಡನೆಯ ಕಾರಣ ಒಗ್ಗಿಕೊಳ್ಳುವಿಕೆ. 1978ರಲ್ಲಿ ಅಮೆರಿಕದ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ಲಾಟರಿಯಲ್ಲಿ ದೊಡ್ಡ ಮೊತ್ತ ಗೆದ್ದ 22 ಜನರನ್ನು ಸಾಮಾನ್ಯ ಜನರೊಡನೆ ಹೋಲಿಸಿದರು. ಗೆದ್ದವರು ಹೇಳಿಕೊಳ್ಳುವಷ್ಟು ಹೆಚ್ಚು ಸುಖಿಗಳಾಗಿರಲಿಲ್ಲ. ಅಷ್ಟೇ ಅಲ್ಲದೆ ಬೆಳಗಿನ ಉಪಾಹಾರ, ಗೆಳೆಯನೊಡನೆ ಮಾತು ಮುಂತಾದ ನಿತ್ಯದ ಸಣ್ಣ ಸಂತೋಷಗಳಲ್ಲಿ ಅವರಿಗೆ ಇತರರಿಗಿಂತ ಕಡಿಮೆ ರುಚಿಯಿತ್ತು. ಈ ಮಾತನ್ನು ಉಪದೇಶಕರು ಬಹಳ ಮೆಚ್ಚಿ ಉದಾಹರಿಸುತ್ತಾರೆ. ಆದರೆ ಪ್ರಾಮಾಣಿಕನಾದ ವರ್ತಕನು ಜಮೆ ಮತ್ತು ಖರ್ಚು ಎರಡೂ ಬದಿಗಳನ್ನು ಓದಬೇಕು. 2020ರಲ್ಲಿ ಪ್ರಕಟವಾದ, ಇದಕ್ಕಿಂತ ಎಷ್ಟೋ ದೊಡ್ಡದಾದ ಸ್ವೀಡನ್ ದೇಶದ ಅಧ್ಯಯನವು, ದೊಡ್ಡ ಲಾಟರಿ ಗೆದ್ದವರು ಹತ್ತು ವರ್ಷಗಳಾದ ಮೇಲೂ ತಮ್ಮ ಬಾಳಿನ ಬಗ್ಗೆ ಹೆಚ್ಚು ತೃಪ್ತರಾಗಿದ್ದರೆಂದು ಕಂಡುಕೊಂಡಿತು. ದಿನನಿತ್ಯದ ಉಲ್ಲಾಸದಲ್ಲಿ ಮಾತ್ರ ವ್ಯತ್ಯಾಸ ಅಲ್ಪವಾಗಿತ್ತು. 2023ರಲ್ಲಿ ನೊಬೆಲ್ ಪುರಸ್ಕೃತ ಡೇನಿಯಲ್ ಕಾನೆಮನ್ನರೂ ಮ್ಯಾಥ್ಯೂ ಕಿಲಿಂಗ್ಸ್‌ವರ್ಥರೂ ತಮ್ಮ ಹಿಂದಿನ ಭಿನ್ನಾಭಿಪ್ರಾಯವನ್ನು ಒಟ್ಟಿಗೆ ಕುಳಿತು ಪರಿಶೀಲಿಸಿದರು. ಬಹುಜನರಲ್ಲಿ ಆದಾಯದೊಡನೆ ಸುಖವೂ ಏರುತ್ತಲೇ ಹೋಗುತ್ತದೆ. ಆದರೆ ಎಲ್ಲರಿಗಿಂತ ಹೆಚ್ಚು ಅಸುಖಿಗಳಾದ ಒಂದು ಗುಂಪಿನಲ್ಲಿ ಆ ಏರಿಕೆ ಒಂದು ಹಂತದಲ್ಲಿ ನಿಂತುಬಿಡುತ್ತದೆ ಎಂದು ಅವರು ತಿಳಿಸಿದರು. ಮನಸ್ಸಿನ ಬೇನೆಯಿದ್ದವನಿಗೆ ಒಂದು ಮಟ್ಟದ ಮೇಲೆ ಹಣವು ಔಷಧವಾಗುವುದಿಲ್ಲ.

ಹೀಗಿರುವಾಗ ಹಣವು ತೃಣಸಮಾನವೆಂದು ವೇದಿಕೆಯ ಮೇಲಿಂದ ಹೇಳುವುದು ಸುಲಭ, ಆದರೆ ನಿಜವಲ್ಲ. ಈ ಸುಳ್ಳು ಯಾರಿಗೆ ಹೇಳಲ್ಪಡುತ್ತದೆಂಬುದನ್ನು ನೋಡಬೇಕು. ತೃಪ್ತಿಯ ಉಪದೇಶವು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಉಳ್ಳವನು ಇಲ್ಲದವನಿಗೆ, ಸಾಲ ಕೊಟ್ಟವನು ಸಾಲ ಪಡೆದವನಿಗೆ ಅದನ್ನು ಹೇಳುತ್ತಾನೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಇಂಥ ಉಪದೇಶಕರ ಬಾಯಿ ಕಟ್ಟುವಂಥದು. ತಮಿಳುನಾಡಿನ 464 ಕಬ್ಬಿನ ಬೆಳೆಗಾರರನ್ನು ಕಟಾವಿನ ಮೊದಲು ಒಮ್ಮೆ, ಕಟಾವಾಗಿ ಹಣ ಕೈಸೇರಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಲಾಯಿತು. ವಿಚಾರಶಕ್ತಿಯನ್ನೂ ಏಕಾಗ್ರತೆಯನ್ನೂ ಅಳೆಯುವ ಪರೀಕ್ಷೆಗಳವು. ಅದೇ ಮನುಷ್ಯ, ಅದೇ ತಲೆ. ಆದರೆ ಕೈ ಬರಿದಾಗಿದ್ದು ಸಾಲವು ಬೆನ್ನು ಹತ್ತಿದ ದಿನಗಳಲ್ಲಿ ಅವನು ಪರೀಕ್ಷೆಯಲ್ಲಿ ಹಿಂದೆ ಬಿದ್ದನು, ಹಣ ಬಂದ ಮೇಲೆ ಮುಂದೆ ಬಂದನು. ಕೊರತೆಯ ಚಿಂತೆಯೇ ಬುದ್ಧಿಯ ಒಂದು ಪಾಲನ್ನು ತಿಂದುಹಾಕುತ್ತದೆಂದು ಆ ಪಂಡಿತರು ನಿರ್ಣಯಿಸಿದರು. 'ಇವನಿಗೆ ಬುದ್ಧಿಯಿಲ್ಲ, ಆದ್ದರಿಂದಲೇ ಸಾಲ' ಎಂದು ಗಾದಿಯ ಮೇಲೆ ಕುಳಿತು ಹೇಳುವವರು ಕಾರ್ಯ-ಕಾರಣಗಳನ್ನು ತಲೆಕೆಳಗು ಮಾಡುತ್ತಿದ್ದಾರೆ. ಎಷ್ಟೋ ವೇಳೆ ಸಾಲವಿರುವುದರಿಂದಲೇ ಬುದ್ಧಿ ಮಂಕಾಗಿರುತ್ತದೆ. ಸುರಪುರ, ಶಹಾಪುರ ಸೀಮೆಗಳಲ್ಲಿ ಬೀಜ-ಗೊಬ್ಬರದ ಉದ್ದರಿಯ ಪುಸ್ತಕವು ಮುಂಗಾರಿನಿಂದ ಸುಗ್ಗಿಯವರೆಗೆ ತೆರೆದೇ ಇರುತ್ತದೆ. ಆ ತಿಂಗಳುಗಳಲ್ಲಿ ಅಂಗಡಿಗೆ ಬರುವ ರೈತನು ಅರ್ಧ ಮನಸ್ಸನ್ನು ಮನೆಯಲ್ಲಿಯೇ ಬಿಟ್ಟು ಬಂದಿರುತ್ತಾನೆ. ಆ ಹೊತ್ತಿನಲ್ಲಿ ಬರೆಸಿಕೊಂಡ ಬಡ್ಡಿಯ ಕರಾರು ಎಷ್ಟು ನ್ಯಾಯದ್ದೆಂಬುದನ್ನು ಅಣುವ್ರತಿಯಾದ ಶ್ರಾವಕನು ತಾನೇ ವಿಚಾರಿಸಿಕೊಳ್ಳಬೇಕಾಗಿದೆ.

ಬಡವರು ಸುಖವಾಗಿಯೇ ಇದ್ದಾರೆಂದು ಹೇಳಿ ಜಾರಿಕೊಳ್ಳುವುದಕ್ಕೂ ಆಸ್ಪದವಿಲ್ಲ. ಕಲ್ಕತ್ತೆಯ ಕೊಳೆಗೇರಿ ಹಾಗೂ ಕಾಲುದಾರಿಯ ನಿವಾಸಿಗಳನ್ನು ಕುರಿತು ರಾಬರ್ಟ್ ಬಿಸ್ವಾಸ್-ಡೀನರ್ ಮತ್ತು ಎಡ್ ಡೀನರ್ ಅವರ ಅಧ್ಯಯನವು 2001ರಲ್ಲಿ ಪ್ರಕಟವಾಯಿತು. ಕುಟುಂಬ, ಗೆಳೆತನ ಮೊದಲಾದ ಸಂಬಂಧಗಳ ವಿಷಯದಲ್ಲಿ ಅವರು ಸಾಕಷ್ಟು ತೃಪ್ತಿಯನ್ನು ಹೇಳಿಕೊಂಡರು. ಹೊರಗಿನವರು ಊಹಿಸುವಷ್ಟು ದುಃಖಿಗಳಾಗಿ ಅವರು ಕಾಣಲಿಲ್ಲ. ಆದರೆ ಒಟ್ಟು ಬಾಳಿನ ತೃಪ್ತಿಯು ಸರಾಸರಿಯಲ್ಲಿ ಮಧ್ಯಬಿಂದುವಿಗಿಂತ ಕೆಳಗೇ ಇತ್ತು. ಬಂಧುಗಳ ಪ್ರೀತಿಯು ಸೋರುವ ಮಾಡನ್ನು ಮರೆಸಬಲ್ಲುದೇ ಹೊರತು ಮುಚ್ಚಲಾರದು.

ನಾರಾಯಣಪುರದ ಕೆಳಗೆ ಇದಕ್ಕೊಂದು ಪ್ರತ್ಯಕ್ಷ ದೃಷ್ಟಾಂತವಿದೆ. ಕೃಷ್ಣೆಯ ನಡುಗಡ್ಡೆಯ ಮೇಲೆ ನೀಲಕಂಠರಾಯನಗಡ್ಡಿ ಎಂಬ ಸಣ್ಣ ಹಳ್ಳಿಯಿದೆ. ಜಲಾಶಯದಿಂದ ಹೆಚ್ಚು ನೀರನ್ನು ಬಿಟ್ಟಾಗ ಅದು ಹೊರಜಗತ್ತಿನಿಂದ ಕಡಿದುಹೋಗುತ್ತಿತ್ತು. 2013ರ ಜುಲೈ ಕೊನೆಯಲ್ಲಿ ನದಿ ಉಕ್ಕಿ ಹರಿಯುತ್ತಿದ್ದಾಗ ಆ ಗಡ್ಡಿಯ ತುಂಬು ಗರ್ಭಿಣಿಯೊಬ್ಬಳು, ಹೆರಿಗೆಯು ಆಸ್ಪತ್ರೆಯಲ್ಲಿಯೇ ಆಗಿ ಮಗು ಸುರಕ್ಷಿತವಾಗಿರಬೇಕೆಂಬ ಒಂದೇ ಹಂಬಲದಿಂದ, ಒಣಗಿದ ಸೋರೆಬುರುಡೆಗಳನ್ನು ಕಟ್ಟಿಕೊಂಡು ಪ್ರವಾಹವನ್ನು ಈಜಿ ಕಕ್ಕೇರಾ ಕಡೆಯ ದಂಡೆಯನ್ನು ಸೇರಿದಳು. ತಂದೆಯೂ ಸೋದರರೂ ಅವಳ ಹಿಂದೆ-ಮುಂದೆ ಈಜಿದರು. ದೇಶವಿದೇಶದ ಪತ್ರಿಕೆಗಳು ಆಕೆಯ ಧೈರ್ಯವನ್ನು ಕೊಂಡಾಡಿದವು. ಸಿ. ಆರ್. ಸ್ನೈಡರ್ ಎಂಬ ಮನಃಶಾಸ್ತ್ರಜ್ಞರು ಭರವಸೆಯೆಂಬುದನ್ನು ಬರಿಯ ಹಾರೈಕೆಯೆಂದು ತಿಳಿಯದೆ, ಒಂದು ಗುರಿ, ಅದಕ್ಕೊಂದು ದಾರಿ, ಆ ದಾರಿಯಲ್ಲಿ ನಡೆವ ಸಂಕಲ್ಪ ಈ ಮೂರರ ಕೂಟವೆಂದು ವಿವರಿಸಿದ್ದಾರೆ. ಆ ಹೆಣ್ಣುಮಗಳಲ್ಲಿ ಗುರಿಯಿತ್ತು, ಸಂಕಲ್ಪವಿತ್ತು, ಜೊತೆಗೆ ಈಜುವ ಬಂಧುಗಳಿದ್ದರು. ಇಲ್ಲದಿದ್ದದ್ದು ದಾರಿಯೊಂದೇ. ಅದನ್ನು ಅವಳ ಮನಸ್ಸಿನಲ್ಲಿ ಹುಡುಕಿ ಫಲವಿಲ್ಲ. ಅದು ಒಂದು ದೋಣಿಯ, ಒಂದು ಸೇತುವೆಯ, ಒಬ್ಬ ದಾದಿಯ ರೂಪದಲ್ಲಿ ಹೊರಗಿನಿಂದ ಬರಬೇಕಾದದ್ದು.

ಹಾಗಾದರೆ ತೃಪ್ತಿಯ ಮಾತು ವ್ಯರ್ಥವೇ? ವ್ಯರ್ಥವಲ್ಲ, ಹೇಳಬೇಕಾದವರು ಬೇರೆ. ಜೈನ ಆಚಾರ್ಯರು ಗೃಹಸ್ಥನಿಗೆ ವಿಧಿಸಿದ ಐದನೆಯ ಅಣುವ್ರತವು ಪರಿಗ್ರಹ ಪರಿಮಾಣ. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಮೊದಲಾದವುಗಳಿಗೆ ಗೃಹಸ್ಥನು ತಾನಾಗಿಯೇ ಒಂದು ಮೇರೆಯನ್ನು ಹಾಕಿಕೊಳ್ಳುವುದು ಅದರ ಸ್ವರೂಪ. ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ. ಈ ಹೆಸರು ಎಷ್ಟು ಆಳವಾದದ್ದೆಂಬುದನ್ನು ಗಮನಿಸಬೇಕು. ಅಳೆಯಬೇಕಾದದ್ದು ಕಣಜವನ್ನಲ್ಲ, ಬಯಕೆಯನ್ನು. ಇಲ್ಲದವನಿಗೆ ಈ ವ್ರತದ ಪ್ರಶ್ನೆಯೇ ಏಳುವುದಿಲ್ಲ. ಕಟ್ಟೆಯೊಳಗೆ ನೀರೇ ಇಲ್ಲದಾಗ ಮಟ್ಟವನ್ನು ಗುರುತಿಸುವುದೇನು? ಇದು ಇರುವವನ ವ್ರತ, ತಕ್ಕಡಿಯನ್ನು ಹಿಡಿದವನ ವ್ರತ.

ಬಸವಸಾಗರದಲ್ಲಿ ನೀರಿನ ಪೂರ್ಣಮಟ್ಟವು ಸಮುದ್ರಮಟ್ಟದಿಂದ 492.25 ಮೀಟರ್ ಎಂದು ನಿಗದಿಯಾಗಿದೆ. ಅದನ್ನು ಕಾಯ್ದುಕೊಳ್ಳುವುದಕ್ಕಾಗಿ ಒಳಹರಿವು ಹೆಚ್ಚಿದಾಗ ಗೇಟುಗಳನ್ನೆತ್ತುತ್ತಾರೆ. ಇನ್ನಷ್ಟು ನೀರು ಸಿಗುತ್ತಿದೆಯಲ್ಲ, ತುಂಬಿಕೊಳ್ಳೋಣವೆಂದು ಯಾವ ಎಂಜಿನಿಯರನೂ ಹೇಳುವುದಿಲ್ಲ. ಮಟ್ಟವು ಮೊದಲೇ ಗೊತ್ತಿದ್ದರಿಂದ ಹೆಚ್ಚಿನ ನೀರು ಕೆಳಗಿನವರಿಗೆ ಹರಿಯುತ್ತದೆ, ಕಟ್ಟೆಯೂ ಉಳಿಯುತ್ತದೆ. ವ್ರತದಲ್ಲಿಯೂ ಹೀಗೆಯೇ. ಮೇರೆಯನ್ನು ಸಂಪತ್ತು ಬರುವುದಕ್ಕೆ ಮೊದಲೇ ಹಾಕಿಕೊಳ್ಳಬೇಕು. ಬಂದ ಮೇಲೆ ಹಾಕಿಕೊಳ್ಳುವ ಮೇರೆಯು ಬಂದದ್ದಕ್ಕಿಂತ ಒಂದು ಗೇಣು ಮೇಲೆಯೇ ಇರುತ್ತದೆ.

ಆಧುನಿಕ ಶಾಸ್ತ್ರವು ಈ ವ್ರತದ ಹೆಸರನ್ನು ಕೇಳಿಲ್ಲ. ಆದರೆ ಅದರ ಹತ್ತಿರದ ಮಾತೊಂದನ್ನು ಕಂಡುಕೊಂಡಿದೆ. ಬ್ಯಾರಿ ಶ್ವಾರ್ಟ್ಸ್ ಎಂಬವರು ಜನರನ್ನು ಎರಡು ಬಗೆಯಾಗಿ ನೋಡಿದರು. ಎಲ್ಲಕ್ಕಿಂತ ಉತ್ತಮವಾದದ್ದೇ ಬೇಕೆಂದು ಹುಡುಕುತ್ತಲೇ ಇರುವವರು ಒಂದು ಬಗೆ. ತನಗೆ ಸಾಕೆನಿಸುವ ಮಟ್ಟವನ್ನು ಗೊತ್ತುಮಾಡಿಕೊಂಡು ಅದು ಸಿಕ್ಕೊಡನೆ ಹುಡುಕಾಟವನ್ನು ನಿಲ್ಲಿಸುವವರು ಇನ್ನೊಂದು ಬಗೆ. ಕಾಲೇಜು ಮುಗಿಸಿ ಕೆಲಸ ಹುಡುಕುವ ತರುಣರನ್ನು ಕುರಿತು ಅವರೂ ಸಹೋದ್ಯೋಗಿಗಳೂ ನಡೆಸಿದ ಅಧ್ಯಯನವು 2006ರಲ್ಲಿ ಪ್ರಕಟವಾಯಿತು. ಮೊದಲ ಬಗೆಯವರಿಗೆ ಎರಡನೆಯವರಿಗಿಂತ ಶೇಕಡಾ 20ರಷ್ಟು ಹೆಚ್ಚಿನ ಸಂಬಳದ ಕೆಲಸ ದೊರೆಯಿತು. ಆದರೆ ದೊರೆತ ಕೆಲಸದಲ್ಲಿ ಅವರಿಗೇ ತೃಪ್ತಿ ಕಡಿಮೆ. ಲಾಭದ ಅಂಕಣದಲ್ಲಿ ಮುಂದು, ಸುಖದ ಅಂಕಣದಲ್ಲಿ ಹಿಂದು! ಇಂಥ ಜಮಾಖರ್ಚನ್ನು ಪೇಟೆಯಲ್ಲಿ ಯಾರೂ ಒಪ್ಪಲಾರರು. ಮನೆಯಲ್ಲಿ ಮಾತ್ರ ಒಪ್ಪಿಕೊಂಡು ಬಾಳುತ್ತಾರೆ.

ಹಳೆಯ ಕಲಬುರ್ಗಿ ಜಿಲ್ಲೆಯ ಮಳಖೇಡದಲ್ಲಿ ಕುಳಿತು 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ನೆನಪು ಇಲ್ಲಿ ಸಹಜ. ಜಿನಸೇನಾಚಾರ್ಯರ ಶಿಷ್ಯನಾದ ಆ ಚಕ್ರವರ್ತಿಯು ಕೊನೆಗಾಲದಲ್ಲಿ ವಿವೇಕದಿಂದ ರಾಜ್ಯವನ್ನು ತೊರೆದನೆಂದು ಜೈನ ಪರಂಪರೆ ಹೇಳುತ್ತದೆ. ನಾಡಿಗೆ ಬಂದ ವಿಪತ್ತನ್ನು ತಪ್ಪಿಸಲು ತನ್ನ ಬೆರಳನ್ನೇ ಕೊಲ್ಲಾಪುರದ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಸಂಜಾನದ ತಾಮ್ರಶಾಸನವು ಹೊಗಳುತ್ತದೆ. ಅರುವತ್ತಕ್ಕೂ ಹೆಚ್ಚು ವರ್ಷ ಆಳಿದವನಿಗೆ ಇನ್ನು ಸಾಕೆಂದು ಅನಿಸಿತಲ್ಲ ಎಂಬುದೇ ದೊಡ್ಡದು. ಅಂಗಡಿಯ ಬೀಗದ ಕೈಯನ್ನು ಮಗನಿಗೆ ಕೊಡಲಾರದೆ ಎಂಬತ್ತರಲ್ಲಿಯೂ ಗಲ್ಲೆಯ ಬಳಿ ಕೂರುವವರನ್ನು ಎಲ್ಲ ಊರುಗಳಲ್ಲಿಯೂ ಕಾಣಬಹುದು.

ಮೇರೆಯನ್ನು ಮೀರಿ ಬಂದದ್ದು ಎಲ್ಲಿಗೆ ಹೋಗಬೇಕು? ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳನ್ನು ಈ ಸಭೆಗೆ ಪರಿಚಯಿಸುವ ಅಗತ್ಯವಿಲ್ಲ. ಆದರೆ ದಾನವು ಕೊಡುವವನ ಮನಸ್ಸಿಗೆ ಏನು ಮಾಡುತ್ತದೆಂಬುದನ್ನು ಕೆನಡಾ ದೇಶದ ವ್ಯಾಂಕೂವರಿನಲ್ಲಿ ಎಲಿಜಬೆತ್ ಡನ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಫಲಿತಾಂಶವು 2008ರಲ್ಲಿ ಪ್ರಕಟವಾಯಿತು. ಬೆಳಿಗ್ಗೆ ಜನರಿಗೆ 5 ಅಥವಾ 20 ಡಾಲರುಗಳನ್ನು ಕೊಟ್ಟು, ಕೆಲವರಿಗೆ ಸಂಜೆ ಐದರೊಳಗೆ ಅದನ್ನು ತಮಗಾಗಿ ಖರ್ಚು ಮಾಡಲೂ ಇನ್ನು ಕೆಲವರಿಗೆ ಪರರಿಗಾಗಿ ಖರ್ಚು ಮಾಡಲೂ ಹೇಳಿದರು. ಸಂಜೆಗೆ ಪರರಿಗಾಗಿ ವೆಚ್ಚ ಮಾಡಿದವರೇ ಹೆಚ್ಚು ಸಂತುಷ್ಟರಾಗಿದ್ದರು. ಐದೋ ಇಪ್ಪತ್ತೋ ಎಂಬುದರಿಂದ ಭೇದವಾಗಲಿಲ್ಲ. ಇದಕ್ಕಿಂತ ಸ್ವಾರಸ್ಯವಾದ ಸಂಗತಿಯೆಂದರೆ, ಯಾವುದರಿಂದ ಹೆಚ್ಚು ಸಂತೋಷವಾದೀತೆಂದು ಬೇರೆ ಜನರನ್ನು ಕೇಳಿದಾಗ ಬಹುಮಂದಿ ತಮಗಾಗಿ ಖರ್ಚು ಮಾಡುವುದರಿಂದ, ಅದೂ 20 ಡಾಲರಿನಿಂದ ಎಂದು ಊಹಿಸಿದರು. ತನ್ನ ಸುಖದ ಅಂದಾಜನ್ನು ಮನುಷ್ಯನು ಇಷ್ಟು ಸುಲಭವಾಗಿ ತಪ್ಪುತ್ತಾನೆ.

ಇನ್ನು ನೆರೆಯವನ ರಾಶಿಯ ಪ್ರಶ್ನೆ ಉಳಿದಿದೆ. ಬಸದಿಗಳಲ್ಲಿ ನಿತ್ಯವೂ ಚಿಂತಿಸಲ್ಪಡುವ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳೆಂಬ ನಾಲ್ಕು ಭಾವನೆಗಳಲ್ಲಿ ಕಾರುಣ್ಯವನ್ನು ಎಲ್ಲರೂ ಬಲ್ಲರು. ಪ್ರಮೋದದ ಕಡೆಗೆ ಗಮನ ಹೋಗುವುದು ಕಡಿಮೆ. ಗುಣಾಧಿಕರನ್ನು ಕಂಡು, ಅವರ ಏಳಿಗೆಯನ್ನು ಕಂಡು ಹರ್ಷಿಸುವುದು ಪ್ರಮೋದ. ಬಿದ್ದವನ ಬಗ್ಗೆ ಮರುಗುವುದು ಸುಲಭ; ಎದ್ದವನ ಬಗ್ಗೆ ಹಿಗ್ಗುವುದು ಬಲುಕಷ್ಟ. ಪಕ್ಕದ ಅಂಗಡಿ ಸುಟ್ಟುಹೋದರೆ ಕಣ್ಣೀರು ತಾನಾಗಿ ಬರುತ್ತದೆ. ಪಕ್ಕದ ಅಂಗಡಿಗೆ ಎರಡನೆಯ ಅಂತಸ್ತು ಬಂದಾಗ ಬಾಯಿಂದ ಒಳ್ಳೆಯ ಮಾತು ತಾನಾಗಿ ಬರುವುದಿಲ್ಲ. ಅಮೆರಿಕದ ಶೆಲಿ ಗೇಬಲ್ ಎಂಬ ವಿದುಷಿಯು 2004ರಲ್ಲಿ ಸಂಗಡಿಗರೊಡನೆ ಪ್ರಕಟಿಸಿದ ಸಂಶೋಧನೆಯಲ್ಲಿ ಇದನ್ನೇ ಪರಿಶೀಲಿಸಿದರು. ಒಬ್ಬರು ತಮಗಾದ ಒಳ್ಳೆಯದನ್ನು ಬಂದು ಹೇಳಿದಾಗ ಮನೆಯವರು ಹೇಗೆ ಉತ್ತರಿಸುತ್ತಾರೆ? ಉತ್ಸಾಹದಿಂದ ಕೇಳಿ, ವಿವರ ವಿಚಾರಿಸಿ ಜೊತೆಗೆ ಸಂತೋಷಪಡುವ ದಂಪತಿಗಳ ಸಂಬಂಧವು ಗಟ್ಟಿಯಾಗಿರುವುದನ್ನು ಅವರು ಕಂಡರು. ಉದಾಸೀನದಿಂದ ತಲೆಯಾಡಿಸುವುದೂ, 'ಅದರಲ್ಲೇನು ಮಹಾ' ಎಂದು ಕೊಂಕು ತೆಗೆಯುವುದೂ ಸಂಬಂಧಕ್ಕೆ ಒಳಿತಲ್ಲ. ಸಂಜೆ ಮಗನು ಶಾಲೆಯಿಂದ ಬಂದು ತನ್ನ ಅಂಕಗಳನ್ನು ಹೇಳುವಾಗ ತಂದೆಯು ರೋಕಡ ಎಣಿಸುತ್ತಲೇ 'ಹೂಂ' ಎನ್ನುವುದು ಸಣ್ಣ ಸಂಗತಿಯಂತೆ ಕಾಣುತ್ತದೆ. ಸಂಬಂಧವು ಸವೆಯುವುದು ಅಲ್ಲಿಯೇ.

ಸಂಬಂಧಗಳ ಈ ಬೆಲೆಯನ್ನು ಅತ್ಯಂತ ದೀರ್ಘಕಾಲ ಪರಿಶೀಲಿಸಿದ್ದು ಹಾರ್ವರ್ಡ್ ವಿಶ್ವವಿದ್ಯಾಲಯದವರು. 1938ರಲ್ಲಿ ಆರಂಭವಾದ ಅಧ್ಯಯನವು ಅಲ್ಲಿಯ ವಿದ್ಯಾರ್ಥಿಗಳೂ ಬಾಸ್ಟನ್ ನಗರದ ಬಡ ಕೇರಿಗಳ ಹುಡುಗರೂ ಸೇರಿ 724 ಜನರ ಬಾಳನ್ನು ದಶಕಗಳ ಕಾಲ ಹಿಂಬಾಲಿಸಿತು. ಐವತ್ತನೆಯ ವಯಸ್ಸಿನಲ್ಲಿ ತಮ್ಮ ಸಂಬಂಧಗಳಲ್ಲಿ ತೃಪ್ತರಾಗಿದ್ದವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಂತರಾಗಿದ್ದರೆಂದೂ, ಈ ವಿಷಯವನ್ನು ಮುಂಗಾಣಲು ರಕ್ತದ ಕೊಲೆಸ್ಟರಾಲಿಗಿಂತ ಸಂಬಂಧಗಳೇ ಉತ್ತಮ ಗುರುತಾಗಿದ್ದುವೆಂದೂ ಅದರ ನಿರ್ದೇಶಕರಾದ ರಾಬರ್ಟ್ ವಾಲ್ಡಿಂಗರ್ ಹೇಳಿದ್ದಾರೆ.

ಈ ಶಾಸ್ತ್ರದ ಪೇಟೆಯಲ್ಲಿಯೂ ಕಳ್ಳತೂಕಗಳು ಬಂದುಹೋಗಿವೆಯೆಂಬುದನ್ನು ಮರೆಮಾಚಬಾರದು. ಮನುಷ್ಯನು ಅರಳಬೇಕಾದರೆ ಒಂದು ಕಹಿ ಭಾವಕ್ಕೆ ಸರಿಯಾಗಿ 2.9 ಸಿಹಿ ಭಾವಗಳು ಬೇಕೆಂದು 2005ರಲ್ಲಿ ಒಂದು ಪ್ರಬಂಧವು ಗಣಿತದ ಸಮೀಕರಣಗಳೊಡನೆ ಸಾರಿತು. ಎಂಟು ವರ್ಷ ಲೋಕವೆಲ್ಲ ಅದನ್ನು ನಂಬಿತು. ಐವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿಯಾದ ನಿಕ್ ಬ್ರೌನ್ ಎಂಬ ಗೃಹಸ್ಥನು ಆ ಲೆಕ್ಕದ ಮೇಲೆ ಸಂಶಯಪಟ್ಟು, ಇಬ್ಬರು ಪಂಡಿತರ ನೆರವಿನಿಂದ 2013ರಲ್ಲಿ ಆ ಗಣಿತವು ಹುರುಳಿಲ್ಲದ್ದೆಂದು ತೋರಿಸಿಕೊಟ್ಟನು. ಹೀನಾಧಿಕ ಮಾನೋನ್ಮಾನವನ್ನು, ಎಂದರೆ ಕೊಡುವಾಗ ಕಡಿಮೆ ಕೊಳ್ಳುವಾಗ ಹೆಚ್ಚು ತೂಗುವುದನ್ನು, ಅಚೌರ್ಯ ವ್ರತದ ಅತಿಚಾರವೆಂದು ಉಮಾಸ್ವಾತಿ ಆಚಾರ್ಯರು ಎಣಿಸಿದ್ದಾರೆ. ಅಂಗಡಿಯ ತಕ್ಕಡಿಗೆ ಹೇಳಿದ ಮಾತು ವಿದ್ವಾಂಸರ ತಕ್ಕಡಿಗೂ ಸಲ್ಲುತ್ತದೆ. ಸುಖಕ್ಕೆ ಸೂತ್ರವಿದೆಯೆಂದು ಪುಸ್ತಕ ಮಾರುವವರು ಬಂದಾಗ ವರ್ತಕನು ತನ್ನ ಸಹಜವಾದ ಸಂಶಯವನ್ನು ಬಿಡಬೇಕಾಗಿಲ್ಲ.

ಕೊನೆಯದಾಗಿ, ಪರೀಕ್ಷೆಗೊಳಗಾದ ಒಂದು ಸಣ್ಣ ಅಭ್ಯಾಸವು ಈ ಸಭೆಗೆ ವಿಶೇಷವಾಗಿ ಒಗ್ಗುವಂಥದು. ಸೆಲಿಗ್‌ಮನ್ನರೂ ಸಹೋದ್ಯೋಗಿಗಳೂ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವಾರದವರೆಗೆ ಪ್ರತಿರಾತ್ರಿಯೂ ಆ ದಿನ ಚೆನ್ನಾಗಿ ನಡೆದ ಮೂರು ಸಂಗತಿಗಳನ್ನೂ ಪ್ರತಿಯೊಂದೂ ಏಕೆ ಹಾಗೆ ನಡೆಯಿತೆಂಬ ಕಾರಣವನ್ನೂ ಬರೆಯುವಂತೆ ಕೆಲವರಿಗೆ ಹೇಳಲಾಯಿತು. ಹೀಗೆ ಬರೆದವರ ಸುಖವು ಹೆಚ್ಚಿ ವಿಷಾದವು ಇಳಿದು, ಆ ಪರಿಣಾಮವು ಆರು ತಿಂಗಳವರೆಗೆ ಕಂಡುಬಂದಿತು. ಕಾರಣವನ್ನು ಬರೆಯುವುದರಲ್ಲಿಯೇ ಇದರ ಗುಟ್ಟಿರುವಂತೆ ತೋರುತ್ತದೆ. ಏಕೆಂದರೆ 'ಏಕೆ' ಎಂದು ಕೇಳಿಕೊಂಡಾಗ ಬಹಳ ಸಲ ಇನ್ನೊಬ್ಬರ ಹೆಸರು ಬರುತ್ತದೆ: ಮಳೆಯಲ್ಲಿಯೂ ಚೀಲಗಳನ್ನು ನೆನೆಯಗೊಡದೆ ಇಳಿಸಿದ ಹಮಾಲನದು, ಕಣ್ತಪ್ಪಿದ ಲೆಕ್ಕವನ್ನು ಹಿಡಿದು ಹೇಳಿದ ಗುಮಾಸ್ತನದು, ಸುಗ್ಗಿಯಾದ ಮರುದಿನವೇ ಬಂದು ಬಾಕಿ ತೀರಿಸಿದ ರೈತನದು, ಕರೆಯದಿದ್ದರೂ ಮಧ್ಯಾಹ್ನದ ಬುತ್ತಿಯನ್ನು ಬಿಸಿಯಾಗಿ ಕಳುಹಿಸಿದ ಮನೆಯಾಕೆಯದು. ಮಹಾವೀರ ನಿರ್ವಾಣದ ದೀಪಾವಳಿಯಂದು ಹೊಸ ಖಾತೆವಹಿಗೆ ಪೂಜೆ ಮಾಡುವ ಪದ್ಧತಿ ಇದ್ದೇ ಇದೆ. ಪ್ರತಿರಾತ್ರಿ ರೋಕಡ ತಾಳೆ ನೋಡದೆ ಯಾವ ವರ್ತಕನೂ ಮಲಗುವುದಿಲ್ಲ. ಆ ವಹಿಯ ಕೊನೆಯಲ್ಲಿ ಹತ್ತಿಪ್ಪತ್ತು ಹಾಳೆಗಳು ಸಾಮಾನ್ಯವಾಗಿ ಖಾಲಿಯಾಗಿಯೇ ಉಳಿದಿರುತ್ತವೆ.